ಸೂಜಿ ಪರೀಕ್ಷೆ

ಮೆತ್ತಗಕ್ಕನ ಬೆರಳು ಸುಡುತ್ತಿರುವುದು ಮೊದಲು ಗೊತ್ತಾದದ್ದು ಅವಳ ಮಗಳ ಮೂಗಿಗೆ.

"ಅಮ್ಮಾ, ಏನೋ ಸೀದ ವಾಸನೆ!"

ಅಕ್ಕ ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕಿದಳು. ಹಾಲು ಸರಿಯಾಗಿಯೇ ಇತ್ತು. ಸೀಯುತ್ತಿದ್ದದ್ದು ಪಾತ್ರೆ ಹಿಡಿದಿದ್ದ ಅವಳದೇ ಬೆರಳು. ಮಗಳು ಕಿರುಚಿಕೊಂಡು, ಕೈ ಎಳೆದು ನಲ್ಲಿಯ ಕೆಳಗೆ ಹಿಡಿದಳು. ಅಕ್ಕ ಆ ಕೈಯನ್ನು ಪಕ್ಕದ ಮನೆಯವರದೇನೋ ಎಂಬಂತೆ ನೋಡುತ್ತ ನಿಂತಳು.

"ಉರೀತಿಲ್ವೇನಮ್ಮ?"

"ಇಲ್ಲ ಕಣೇ. ಉರೀಬೇಕಿತ್ತು, ಅಲ್ವಾ?"

ಅಷ್ಟು ಹೇಳಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಡ್ಯೂಟಿಗೆ ಬಂದಳು. ಅವತ್ತೇ ನಮಗೆ ಸೂಜಿ ಪರೀಕ್ಷೆ.

ಅಕ್ಕ ಹಡಗಿನ ಪೈಲಟ್. ನಾನೂ. ನೀರಿನ ಹಡಗಲ್ಲ, ಆಕಾಶದ್ದು. ಹಾಗಂದ ಕೂಡಲೇ ಜನ ಕಣ್ಣರಳಿಸುತ್ತಾರೆ. ಆಕಾಶಕ್ಕೆ ಏಣಿ ಹಾಕುವವರು ಬೇರೆ. ನಾವು ಆ ಏಣಿಯಲ್ಲಿ ಮೂಟೆ ಹೊರುವವರು. ಮೇಲೆ ಸುತ್ತುವ ನಿಲ್ದಾಣಕ್ಕೆ ನೀರು, ಹಿಟ್ಟು, ಸೋಪು, ಕಕ್ಕಸಿನ ಪೈಪು ಮುಟ್ಟಿಸುವುದು, ಅಲ್ಲಿನ ಕಸ ತುಂಬಿಕೊಂಡು ಇಳಿಯುವುದು. ನಮ್ಮ ಮೇಲಧಿಕಾರಿಗಳು ಯಾವಾಗಲೂ ಕೆಳಗೆ. ಕೈಕೆಳಗಿನವರಾದ ನಾವು ಮೇಲೆ. ಈ ಕಸುಬಿನಲ್ಲಿ ಬಡ್ತಿ ಅಂದರೆ ಇಷ್ಟೇ.

ಅಕ್ಕ ಹಡಗು ತಂದು ನಿಲ್ದಾಣಕ್ಕೆ ತಾಗಿಸಿದರೆ ಒಳಗೆ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕೇ ಮೆತ್ತಗಕ್ಕ ಅಂತ ಹೆಸರು ಬಿತ್ತು. ಹಡಗಿನ ಹಿಡಿಕೆ ಮಾತ್ರ ಮೆತ್ತಗಿಲ್ಲ. ಏರುವಾಗ ಅದರ ನಡುಕ ಮೊಣಕೈವರೆಗೆ ಹತ್ತುತ್ತದೆ. ಮೊದಲು ಜೋಮು. ಆಮೇಲೆ ಬೆರಳು ಬಿಳಿಚುತ್ತವೆ. ಆಮೇಲೆ ಏನೂ ಇಲ್ಲ. ಹಿಡಿಕೆಗೆ ದಪ್ಪ ರಬ್ಬರು ಹಾಕಿಸಿ ಅಂತ ಕೇಳಿದ್ದೆವು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವನ ಹಾಗೆ ಹೇಳಿದ: "ನೋಡಿ, ರಬ್ಬರು ಎಂದರೆ ಭಾರ. ಭಾರ ಎಂದರೆ ಅಷ್ಟು ಸರಕು ಕಡಿಮೆ. ನಾವೆಲ್ಲರೂ ಒಂದೇ ಕುಟುಂಬ. ಅರ್ಥ ಮಾಡಿಕೊಳ್ಳತಕ್ಕದ್ದು."

ಕುಟುಂಬವೇನೋ ಹೌದು. ಅವನು ಅತ್ತೆ, ನಾವೆಲ್ಲ ಸೊಸೆಯರು.

ಕೈಯಲ್ಲಿ ಸ್ಪರ್ಶ ಇಲ್ಲದವರು ಹಡಗು ಮುಟ್ಟಬಾರದು ಅಂತ ಕಾನೂನಿದೆ. ಅದಕ್ಕೆ ಕಂಪನಿ ಡಾಕ್ಟರು ಪರದೆಯ ಆಚೆ ಕೂತು, ತೂತಿನಿಂದ ತೂರಿದ ಕೈಗೆ ಸೂಜಿ ಚುಚ್ಚುತ್ತಾರೆ. ಈಚೆ ಇರುವವರು "ಸ್ಸ್" ಅನ್ನಬೇಕು. ಅನ್ನದಿದ್ದರೆ ಮನೆಗೆ. ಪರಿಹಾರವಿಲ್ಲ, ಬೇರೆ ಕೆಲಸವಿಲ್ಲ.

ನಾವೂ ಒಂದು ದಾರಿ ಮಾಡಿಕೊಂಡಿದ್ದೆವು. ಸಾಲಿನಲ್ಲಿ ಹಿಂದೆ ನಿಂತವರಿಗೆ ಪರದೆಯ ಸಂದಿಯಿಂದ ಡಾಕ್ಟರ ಮೊಣಕೈ ಕಾಣುತ್ತದೆ. ಮೊಣಕೈ ಅಲ್ಲಾಡಿದರೆ ಅವರು ಕೆಮ್ಮಬೇಕು. ಕೆಮ್ಮು ಕೇಳಿದ ಕೂಡಲೇ ಕೈ ಕೊಟ್ಟವರಿಗೆ ನೋವು. ಹೊಸಬರಿಗೆ ಹಡಗು ಏರಿಸುವ ಮೊದಲೇ ಇದನ್ನು ಕಲಿಸುತ್ತಿದ್ದೆವು. ಕೆಲವರು ಎಷ್ಟು ಚೆನ್ನಾಗಿ ನರಳುತ್ತಿದ್ದರೆಂದರೆ, ಹಿಂದೆ ಕೆಮ್ಮಿದವರಿಗೇ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಅವತ್ತಿಗೆ ಕೆಲವು ದಿನಗಳ ಹಿಂದೆ ನಮ್ಮ ಗಳನ ಹಡಗು ನಿಲ್ದಾಣಕ್ಕೆ ಬಡಿಯಿತು. ಗಳ ಅಂದರೆ ನಮ್ಮಲ್ಲೇ ಎತ್ತರದವನು. ಹಿಡಿಕೆ ಕೈಯಿಂದ ಜಾರಿದ್ದೇ ಅವನಿಗೆ ಗೊತ್ತಾಗಿರಲಿಲ್ಲ. ಸಾಮಾನು ಇಳಿಸುವ ಇಬ್ಬರು ಸತ್ತರು. ಕಂಪನಿ ಹೇಳಿದ್ದು ಒಂದೇ ಮಾತು: "ಅವನ ಕೈ ನೆಟ್ಟಗಿತ್ತು. ಡಾಕ್ಟರು ಪರೀಕ್ಷೆ ಮಾಡಿದ್ದಾರೆ. ಇದು ಅವನ ಅಜಾಗರೂಕತೆ." ಗಳ ಜೈಲಿನಲ್ಲಿ ವಿಚಾರಣೆಗೆ ಕಾಯುತ್ತಿದ್ದ. ಆ ವಿಷಯ ನಾವ್ಯಾರೂ ಮಾತಾಡಲಿಲ್ಲ. ಉಂಡೆವು, ಮಲಗಿದೆವು, ಹಡಗು ಏರಿಸಿದೆವು.

ಅವತ್ತು ಸಾಲಿನಲ್ಲಿ ಅಕ್ಕ ಮೊದಲು. ಅವಳ ಹಿಂದೆ ಗುಂಡಣ್ಣ, ಆಮೇಲೆ ನಾನು. ಗುಂಡಣ್ಣನಿಗೆ ನಿಜವಾಗಿಯೂ ನೆಗಡಿ. ಅಕ್ಕ ಬಟ್ಟೆ ಬಿಚ್ಚಿ ತೂತಿಗೆ ಕೈ ತೂರಿಸಿದಳು. ಗುಂಡಣ್ಣ ಮೂಗು ಮುಚ್ಚಿಕೊಂಡ, ಬಾಯಿ ಬಿಗಿಹಿಡಿದ. ಆದರೂ ತಡೆಯಲಾಗದೆ ಕೆಮ್ಮು ಬಂದೇಬಿಟ್ಟಿತು.

"ಸ್ಸ್! ಅಯ್ಯೋ!" ಅಂದಳು ಅಕ್ಕ.

"ಏನಮ್ಮ, ನಾನಿನ್ನೂ ಸೂಜಿನೇ ತಗೊಂಡಿಲ್ಲ."

ಪರದೆಯಾಚೆ ಡಾಕ್ಟರು ನಕ್ಕರು. "ಇರ್ಲಿ ಬಿಡಿ. ಪಾಸು. ಮುಂದಿನವರು ಬನ್ನಿ."

ಅಕ್ಕ ಕೈ ತೆಗೆಯಲಿಲ್ಲ. "ಚುಚ್ಚದೇ ಪಾಸಾ ಸಾರ್?"

"ಎಷ್ಟು ವರ್ಷದಿಂದ ಈ ಕೆಮ್ಮು ಕೇಳ್ತಿದೀನಿ. ನಾನೇನು ಕಿವುಡನೇನಮ್ಮ? ನಿಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀಲಿ ಅಂತ ಸುಮ್ನಿದೀನಿ."

"ಮ್ಯಾನೇಜರಿಗೆ ಗೊತ್ತಾ?"

"ಸುಮ್ನಿರಿ ಅಂತ ಹೇಳಿದ್ದೇ ಅವರು."

"ಗಳನ ಕೈನೂ ಹೀಗೇ ಪಾಸು ಮಾಡಿದ್ರಾ?"

ಪರದೆಯಾಚೆ ಕಾಗದ ಮಗುಚಿದ ಸದ್ದಾಯಿತು.

"ಈಗ ಚುಚ್ಚಿ ಸಾರ್," ಅಂದಳು ಅಕ್ಕ.

ಮೊಣಕೈ ಅಲ್ಲಾಡಿತು. ಗುಂಡಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಆಯ್ತಾ?"

"ಆಯ್ತಮ್ಮ. ರಕ್ತ ಬರ್ತಿದೆ."

"ನಂಗೆ ಗೊತ್ತಾಗ್ಲಿಲ್ಲ. ಹಾಗಂತಲೇ ಬರೀರಿ. ಗಳನ ವಿಚಾರಣೇಲೂ ಅದನ್ನೇ ಹೇಳ್ತೀನಿ."

"ಸೀಟು ಹೋಗುತ್ತೆ ಕಣಮ್ಮ. ಮಗಳಿದಾಳೆ ಅಂತಿದ್ರಿ."

"ಇದಾಳೆ. ಬರೀರಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಕಂಡಕ್ಟರಿಗೆ ಇಳಿಯುವ ಜಾಗ ಹೇಳಿದ ಹಾಗಿತ್ತು. ಅವಳು ಕೈ ಒರೆಸಿಕೊಂಡು ಗೋಡೆಯ ಪಕ್ಕ ನಿಂತಳು. ಗುಂಡಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ಕೆಮ್ಮಬೇಡ ಮಾರಾಯ."

ಕೆಮ್ಮಲಿಲ್ಲ. ಚುಚ್ಚಿದಾಗ ಅವನೂ "ಸ್ಸ್" ಅನ್ನಲಿಲ್ಲ. ನನ್ನ ಸರದಿ ಬಂತು. ನನ್ನ ಹೆಬ್ಬೆರಳಿಗೆ ಚುಚ್ಚಿದರಂತೆ. ಚುಚ್ಚಿದ್ದಾರೆ ಅಂತ ಡಾಕ್ಟರೇ ಹೇಳಬೇಕಾಯಿತು. ಆಮೇಲೆ ಒಬ್ಬರಾದ ಮೇಲೊಬ್ಬರು ಹೋದರು. ಆ ಕೋಣೆಯಲ್ಲಿ ಅಷ್ಟು ಸದ್ದಿಲ್ಲದ ಪರೀಕ್ಷೆ ಯಾವತ್ತೂ ನಡೆದಿರಲಿಲ್ಲ.

ಮ್ಯಾನೇಜರು ಓಡಿ ಬಂದ. ವಾರ್ತೆ ಓದುವ ದನಿ ಎಲ್ಲೋ ಬಿದ್ದುಹೋಗಿತ್ತು.

"ಏನ್ರೀ ಇದು! ಹಡಗು ತುಂಬಿ ನಿಂತಿದೆ! ಮೇಲೆ ಕಾಯ್ತಿದಾರೆ! ಒಬ್ಬರಾದ್ರೂ ಬನ್ರೀ! ಈಗ ಅದನ್ನ ಯಾರು ಹಾರಿಸ್ತಾರೆ?"

ಹೊರಗೆ ಹಡಗು ಗುರುಗುಡುತ್ತಿದ್ದದ್ದಕ್ಕೆ ಮೇಜು ಸಣ್ಣಗೆ ಅದುರುತ್ತಿತ್ತು; ಅದರ ಮೇಲೆ ಕೈಯೂರಿದ್ದ ನಮಗೆ ಅದು ಗೊತ್ತಾದದ್ದು ಮೇಲಿದ್ದ ಲೋಟ ಕಟಕಟ ಅಂದದ್ದರಿಂದ.

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು.

"ನಿಮ್ಮ ಕೈ ಚೆನ್ನಾಗಿದೆಯಲ್ಲ ಸಾರ್. ನೀವೇ ಹಿಡೀರಿ."

ಮ್ಯಾನೇಜರು ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ.