ಅಳೆಯದ ಮಳೆ

ಶೋಭಾ ಅಪ್ಪನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು; ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು. ಎಂಟೂ ಕಾಲು. ಗೋಡೆಗೆ ಒರಗಿಸಿ ಕೂಡಿಸಿದ್ದ ಬಂಡೆಪ್ಪ, ಹೊತ್ತಾಯಿತೆಂದು ಇನ್ನೇನು ಎದ್ದು ಛತ್ರಿ ಹುಡುಕುವವನ ಹಾಗೆ ಕಾಣುತ್ತಿದ್ದ.

"ಏನ್ ನೋಡಾಕತ್ತೀ ಅಲ್ಲಿ? ಒಯ್ಯೂ ಗಾಡಿ ಹನ್ನೊಂದಕ್ಕ ಬರ್ತೈತಿ ಅಂದಾನಲ್ಲ ನಿನ್ನ ಗಂಡ" ಎಂದಳು ಅಂಬವ್ವ. ಬಂಡೆಪ್ಪನ ತಂಗಿ, ಸುದ್ದಿ ತಿಳಿದ ಕೂಡಲೇ ಭಾಲ್ಕಿಯಿಂದ ರಾತ್ರಿ ಬಸ್ಸು ಹಿಡಿದು ಬಂದಿದ್ದಳು.

"ಎಂಟೂವರಿ ಆಗಾಕ ಬಂತು ಅತ್ತಿ."

"ಆ ಸುಡುಗಾಡ ಎಂಟೂವರಿ ಇನ್ನಾದ್ರೂ ಬಿಡವ್ವ. ಹೋದಾವ ಹೋದ."

ಬಿಡುವುದು ಅಷ್ಟು ಸುಲಭವಿರಲಿಲ್ಲ. ನಿಜಾಮರ ರಾಜಧಾನಿಯಾಗಿದ್ದ ಈ ಊರಲ್ಲಿ ಅವರ ಕಾಲಕ್ಕೇ ಕಟ್ಟಿದ, ಅಪ್ಪ ದುಡಿದ ಈ ಶಾಲೆಯ ಕಲ್ಲಿನ ಕಮಾನುಗಳನ್ನು ನೋಡಿದರೆ ಈಗಲೂ ತಲೆ ಎತ್ತಿ ನಿಲ್ಲಬೇಕು. ಹಾಸ್ಟೆಲಿನ ಹುಡುಗರು, ಮನೆಯಿಂದ ಬಂದು ಹೋಗುವ ಹುಡುಗರು, ಕೋಟು ಹಾಕಿದ ಮಾಸ್ತರುಗಳು. ಇವರೆಲ್ಲರ ನಡುವೆ ಏಳನೇ ಇಯತ್ತೆ ಓದಿದ ಬಂಡೆಪ್ಪ ಪ್ರಯೋಗಾಲಯದ ಅಟೆಂಡರ್. ಮೈದಾನದ ಮೂಲೆಯಲ್ಲಿ ತಂತಿಬೇಲಿಯೊಳಗೆ ಒಂದು ಮಳೆಮಾಪಕವಿತ್ತು. ಮೇಲೆ ತಾಮ್ರದ ಲಾಳಿಕೆ, ಕೆಳಗೆ ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗೆರೆ ಇರುವ ಗಾಜಿನ ಲೋಟಕ್ಕೆ ಸುರಿದು, ಅಳೆದು, ಪುಸ್ತಕದಲ್ಲಿ ಬರೆದು ಚೆಲ್ಲಬೇಕು. ಮಳೆ ಬಾರದ ದಿನ ಸೊನ್ನೆ. ಭಾನುವಾರವಿರಲಿ, ಬೇಸಿಗೆ ರಜೆಯಿರಲಿ, ಊರಿಗೆಲ್ಲ ಕರ್ಫ್ಯೂ ಇರಲಿ, ನಲವತ್ತು ವರ್ಷ ಅವನೇ ಅಳೆದ. ನಿವೃತ್ತನಾದ ಮೇಲೂ ಶಾಲೆಯವರು ಅವನನ್ನು ಈ ಕ್ವಾರ್ಟರ್ಸಿನಲ್ಲಿ ಉಳಿಸಿಕೊಂಡದ್ದು ಅದಕ್ಕೇ.

"ನೀ ಹುಟ್ಟಿದ ದಿನಾನೂ ಹಿಂಗ ಮಳಿ" ಎಂದು ಅಂಬವ್ವ ಶುರು ಮಾಡಿದಳು. "ಸುಲ್ತಾನ್ ಬಜಾರದ ಆಸ್ಪತ್ರ್ಯಾಗ ನಿಮ್ಮವ್ವ ಬ್ಯಾನಿ ತಿನ್ನಾಕತ್ತಾಳ, ಇವ ಬೆಳಕು ಹರಿಯೂದ್ರಾಗ ಛತ್ರಿ ತಗೊಂಡು ಹೊಂಟ. ಎಲ್ಲಿಗೆ ಅಂದ್ರ ಹೇಳಲಿಲ್ಲ. ಹೇಳೂದೇನೈತಿ ಅದ್ರಾಗ!"

ಮೂವತ್ತನಾಲ್ಕು ವರ್ಷಗಳಿಂದ ಕೇಳಿದ ಕತೆ. ಅತ್ತೆ ನಗುನಗುತ್ತಲೇ ಹೇಳುತ್ತಿದ್ದಳು, ಶೋಭಾ ನಗುನಗುತ್ತಲೇ ಕೇಳುತ್ತಿದ್ದಳು. ಮುಳ್ಳು ಮಾತ್ರ ಒಳಗೇ ಉಳಿದಿತ್ತು. ಹೌದೇನಪ್ಪಾ, ನನಗಿಂತ ಆ ಡಬ್ಬಿ ಹೆಚ್ಚಾಯಿತೇ ಎಂದು ಒಮ್ಮೆಯಾದರೂ ಕೇಳಬೇಕೆಂದಿದ್ದಳು. ಇನ್ನು ಕೇಳುವುದು ಯಾರನ್ನು?

*

ಅವಳ ಮದುವೆ ಬಾಲಾನಗರದಲ್ಲಿ, ಗಂಡ ಮಲ್ಲಿಕಾರ್ಜುನನ ಕಾರ್ಖಾನೆಯವರ ಸಭಾಭವನದಲ್ಲಿ. ಒಂಬತ್ತೂವರೆಗೆ ಅಕ್ಕಿಕಾಳಿನ ಮುಹೂರ್ತ. ಎಂಟು ಗಂಟೆಗೆ ನೋಡಿದರೆ ಹುಡುಗಿಯ ಅಪ್ಪನೇ ಇಲ್ಲ. ಬೀಗರು ಮುಖ ಮುಖ ನೋಡಿಕೊಂಡರು. ಯಾರೋ ತುಂಟರು, ಮಾವನವರು ಮೋಡ ಎಣಿಸಲು ಹೋಗಿದ್ದಾರೆಂದು ನಗಾಡಿದರು. ಸಿಂಗಾರಗೊಂಡು ಕೂತ ಶೋಭಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಒಂಬತ್ತೂ ಇಪ್ಪತ್ತಕ್ಕೆ ಬಂಡೆಪ್ಪ ಬಂದ. ರುಮಾಲು ತೊಯ್ದಿತ್ತು, ಹೊಸ ಅಂಗಿ ಬೆನ್ನಿಗೆ ಅಂಟಿತ್ತು.

"ಹೊತ್ತಿಗೆ ಸರಿಯಾಗಿ ಬಂದ್ನೆಲ್ಲವ್ವ" ಎಂದ.

"ಒಂದಿನ ಅಂದಾಜು ಬರೆದಿದ್ರ ಏನಾಗ್ತಿತ್ತಪ್ಪಾ?"

"ನೋಡಲಾರದ್ದು ಬರೆದ್ರ ಸುಳ್ಳಾಗತೈತಿ."

"ಖಾಲಿ ಬಿಡಬೇಕಿತ್ತು ಹಂಗಾರ!"

ಅಪ್ಪ ಅವಳ ಬಾಸಿಂಗವನ್ನು ಸರಿಮಾಡಿದ. "ಖಾಲಿ ಬಿಡೂದು ಹಗುರ ಅಲ್ಲವ್ವ" ಎಂದಷ್ಟೇ ಹೇಳಿದ. ಅವಳಿಗೆ ಆ ಮಾತು ಅರ್ಥವಾಗಲಿಲ್ಲ. ಅರ್ಥಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

*

ಎಂಟೂ ಇಪ್ಪತ್ತಕ್ಕೆ ಬಾಗಿಲಲ್ಲಿ ವಾಹಿದ್ ಮಾಸ್ತರು ನಿಂತಿದ್ದರು. ಇದೇ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದು, ಇಲ್ಲೇ ಇಪ್ಪತ್ತು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿರುವವರು. ಒಂದು ಕೈಯಲ್ಲಿ ಮಳೆಮಾಪಕದ ಬಾಟಲಿ, ಇನ್ನೊಂದರಲ್ಲಿ ಗಾಜಿನ ಲೋಟ, ಕಂಕುಳಲ್ಲಿ ಎರಡು ಉದ್ದನೆಯ ಪುಸ್ತಕ. ಅವರ ಹಿಂದೆ, ಕ್ವಾರ್ಟರ್ಸಿನಿಂದ ಮೈದಾನದವರೆಗೆ, ಹುಡುಗರು ಎರಡು ಸಾಲಾಗಿ ನಿಂತಿದ್ದರು. ನಿಲ್ಲಿರೆಂದು ಯಾರೂ ಹೇಳಿರಲಿಲ್ಲ. ನೂರಾರು ಹುಡುಗರು, ಒಂದು ಕೆಮ್ಮೂ ಇಲ್ಲ.

"ಬೇಟಿ, ಅಳೆಯೋಣ ಅಂತ ತಂದೀನಿ. ಕೈ ಬರ್ತಾ ಇಲ್ಲ" ಎಂದರು ಮಾಸ್ತರು. ಬಂಡೆಪ್ಪನಿಂದಲೇ ಕಲಿತ ಕನ್ನಡ. ಮಾತಾಡಲು ಬರುತ್ತಿತ್ತು, ಓದಲು ಬಾರದು. "ಇವತ್ತು ಬರೀಬೇಕಾ, ಖಾಲಿ ಬಿಡಬೇಕಾ? ನೀನೇ ಹೇಳು."

"ಖಾಲಿ ಬಿಡ್ರಿ ಸಾಹೇಬ್ರ" ಎಂದಳು ಶೋಭಾ. ದನಿ ತನಗೇ ಗಡುಸೆನಿಸಿತು. "ಒಂದಿನ ಆ ಡಬ್ಬಿನೂ ಕಾಯಲಿ. ನಾವು ಕಾದಿಲ್ಲೇನು?"

ಮಾಸ್ತರು ಬಾಟಲಿಯನ್ನು ನೆಲಕ್ಕಿಟ್ಟು ಹಳೆಯ ಪುಸ್ತಕ ತೆಗೆದರು. "ಖಾಲಿ ಬಿಟ್ರೆ ಬಂಡೆಪ್ಪ ಹ್ಯಾಂಗ ಬಿಡ್ತಾನೆ ಅಂತ ಹುಡುಕ್ದೆ. ನಲವತ್ತು ವರ್ಷದಾಗೆ ಒಂದೇ ದಿನ ಖಾಲಿ ಅದೆ. ಆದ್ರೆ ಪಕ್ಕದಾಗ ಏನೋ ಬರ್ದಾನೆ. ಕನ್ನಡ. ಎಲ್ಲಾ ಪುಸ್ತಕದಾಗೂ ಹೀಗೇ ಬರ್ದಾನೆ. ಇದೇನು ಅಂತ ಕೇಳಿದ್ರೆ 'ಮೌಸಮ್ ಹೈ ಸಾಬ್' ಅಂತಿದ್ದ, ಹವಾಮಾನ ಅಂತ. ಇಡೀ ಶಾಲೇಲಿ ಇದನ್ನ ಓದೋರು ಯಾರೂ ಇಲ್ಲ."

ಶೋಭಾ ಪುಸ್ತಕ ತೊಡೆಯ ಮೇಲಿಟ್ಟುಕೊಂಡಳು. ಎಡಕ್ಕೆ ತಾರೀಖು, ನಡುವೆ ಅಂಕಿ, ಬಲಕ್ಕೆ ಷರಾ ಬರೆಯುವ ಜಾಗದಲ್ಲಿ ಅಪ್ಪನ ದುಂಡು ಅಕ್ಷರ. ಓದುತ್ತ ಹೋದಳು.

"ಆಲಿಕಲ್ಲು. ಹುಡುಗರು ಆರಿಸಿ ಬಾಯಿಗೆ ಹಾಕಿಕೊಂಡರು."

"ಇಲ್ಲಿ ಸೊನ್ನೆ. ಊರಲ್ಲಿ ಬಿದ್ದಿರಬೇಕು. ತೊಗರಿಗೆ ಬೇಕು."

"ಹಾಸ್ಟೆಲಿಗೆ ಹೊಸ ಹುಡುಗ, ವಾಹಿದ. ಬೇಲಿ ಹಿಡಿದು ಅಳುತ್ತಿದ್ದ. ಲೋಟ ಕೈಗೆ ಕೊಟ್ಟೆ. ಅಳು ಬಿಟ್ಟು ಗೆರೆ ಓದಿದ. ಏಳು. ಸರಿಯಾಗಿತ್ತು."

ಮಾಸ್ತರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಏಳು" ಎಂದರು. "ಹಾಂ, ಏಳೇ." ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು.

ಅಪ್ಪ ಇಷ್ಟು ಮಾತಾಡುತ್ತಿದ್ದನೇ? ಮನೆಯಲ್ಲಿ ಉಪ್ಪು ಕಡಿಮೆಯಾದರೂ ಬಾಯಿ ಬಿಡದ ಮನುಷ್ಯ ಇಲ್ಲಿ ದಿನಕ್ಕೊಂದು ಸಾಲಿನಂತೆ ನಲವತ್ತು ವರ್ಷ ಮಾತಾಡಿಬಿಟ್ಟಿದ್ದ. ಪುಟ ತಿರುಗಿಸುವ ಅವಳ ಬೆರಳು ನಿಧಾನವಾಯಿತು. ಮಾಸ್ತರು ಕಾಗದ ಸಿಕ್ಕಿಸಿದ್ದ ಪುಟ ಬಂತು. ೧೭ ಜುಲೈ ೧೯೬೨. ಅವಳು ಹುಟ್ಟಿದ ದಿನ.

ಅಂಕಿಯ ಜಾಗ ಖಾಲಿ.

"ಗಟ್ಟ್ಯಾಗಿ ಓದವ್ವ" ಎಂದಳು ಅಂಬವ್ವ.

ಶೋಭಾ ಓದಿದಳು. "ಆಸ್ಪತ್ರೆಯಲ್ಲಿ ಗಂಡಸರನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಕೆಳಗೆ ನಿಂತಿದ್ದೆ. ಮಗಳ ಅಳು ಕೇಳಿತು. ಮಳೆ ಬಂತು. ಅಳೆಯಲಿಲ್ಲ."

ಅಂಬವ್ವ ಅಣ್ಣನ ಮುಖವನ್ನೇ ದಿಟ್ಟಿಸಿದಳು. "ಕಿಟಕಿ ಕೆಳಗ ಇದ್ನೇನವ್ವ ಇವ? ನಾ ಒಳಗಿದ್ದೆ, ನನಗೇನ್ ಗೊತ್ತು. ಇಷ್ಟು ವರ್ಷ ಮಂದಿ ಮುಂದೆಲ್ಲ ನಿನ್ನ ಆಡಿಕೊಂಡ್ನೆಲ್ಲೊ ಯಣ್ಣಾ, ಒಂದ್ ಮಾತು ಅಲ್ಲ ಅನಬಾರದೇನೊ" ಎಂದು ಅವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು.

ನಿನ್ನೆಯಿಂದ ಬಾರದಿದ್ದ ಅಳು ಶೋಭಾಳಿಗೆ ಈಗ ಬಂತು. ಅಪ್ಪನ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಇಷ್ಟು ದೊಡ್ಡದನ್ನು ಇಷ್ಟು ಸಣ್ಣ ಜಾಗದಲ್ಲಿ ಹೇಗೆ ಬರೆದಿಟ್ಟೆ ಅಪ್ಪಾ ಎಂದು ಮನಸ್ಸಿನಲ್ಲೇ ಕೇಳಿದಳು. ಗಡಿಯಾರದ ಮುಳ್ಳು ಎಂಟೂವರೆಗೆ ಬಂದು, ದಾಟಿತು.

ಕಣ್ಣೊರೆಸಿಕೊಂಡು ಮಾಸ್ತರ ಜೇಬಿನ ಪೆನ್ನು ಕೇಳಿದಳು. ಈ ವರ್ಷದ ಪುಸ್ತಕ ತೆರೆದು, ಅಂಕಿಯ ಜಾಗ ಬಿಟ್ಟು, ಪಕ್ಕದಲ್ಲಿ ಬರೆದಳು. "ಅಪ್ಪನ ಹತ್ತಿರ ಕೂತಿದ್ದೆ. ಮಳೆ ಬಂತು. ಅಳೆಯಲಿಲ್ಲ."

ಆಮೇಲೆ ಬಾಟಲಿ ಎತ್ತಿಕೊಂಡಳು. ರೂಢಿಯಂತೆ ಮಾಸ್ತರು ಗಾಜಿನ ಲೋಟ ಮುಂದೆ ಹಿಡಿದರು. ಶೋಭಾ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಾಟಲಿಯ ಮಳೆಯನ್ನೆಲ್ಲ ಅಪ್ಪನ ಮಡಿಸಿದ ಕಾಲುಗಳ ಪಾದದ ಮೇಲೆ ಸುರಿದಳು. ನೀರು ಬೆರಳ ಸಂದಿಯಲ್ಲಿ ಇಳಿದು, ಕಲ್ಲುಹಾಸಿನ ಮೇಲೆ ಹರಿದು, ಹೊಸ್ತಿಲು ದಾಟಿ, ಹುಡುಗರು ನಿಂತಿದ್ದ ಅಂಗಳದ ಕಡೆ ಹೋಯಿತು.