ದಾಟಿ ಬಾರದ ಗೆರೆ

ಬೆಳಿಗ್ಗೆ ಹಲ್ಲಿನ ಲ್ಯಾಬಿಗೆ ಬಂದು ಕೂತವಳೇ ಹೊಸ ರೋಗಿಯೊಬ್ಬರ ಕೆಳದವಡೆಯನ್ನು ಎರಡೂ ಪರದೆಗಳ ಮೇಲೆ ತೆರೆದಳು. ಎಡಗಡೆಯದು ಕ್ಲಿನಿಕ್ಕಿನ ಸಾಫ್ಟ್‌ವೇರ್. ಡಾಕ್ಟರ್ ಮೇಡಂ ಅದರಲ್ಲಿ ದವಡೆಯೆಲುಬಿಗೆ ಕೊರೆದು ಕೂರಿಸುವ ಕಟ್ಟುಹಲ್ಲಿನ ಜಾಗ ಗುರುತಿಸಿ ಕಳಿಸುತ್ತಾರೆ. ಬಲಗಡೆಯದು ಲ್ಯಾಬಿನದು, ಅದರಲ್ಲಿ ಅವಳು ಗೈಡ್ ಬಿಡಿಸುತ್ತಾಳೆ. ಗೈಡ್ ಅಂದರೆ ಹಲ್ಲುಸಾಲಿಗೆ ಟೋಪಿಯಂತೆ ಕೂರುವ ಪ್ಲಾಸ್ಟಿಕ್ ಅಚ್ಚು. ಅದರಲ್ಲೊಂದು ತೂತು. ತೂತು ಎತ್ತ ನೋಡುತ್ತದೋ ಡಾಕ್ಟರ ಡ್ರಿಲ್ ಅತ್ತಲೇ ಇಳಿಯಬೇಕು.

ಎಡಪರದೆಯ ದವಡೆಯೊಳಗೆ ಕೆಂಪು ಗೆರೆಯೊಂದು ಹರಿದಿತ್ತು. ಅದು ತುಟಿಗೆ ಹೋಗುವ ನರ. ಬಲಪರದೆಯಲ್ಲಿ ಗೆರೆಯೇ ಇರಲಿಲ್ಲ.

"ಪ್ರಿಂಟರಣ್ಣಾ, ಇಲ್ನೋಡಿ. ಗೆರೆ ಎಲ್ಲೋಯ್ತು?"

ಅಚ್ಚು ತೆಗೆಯುವ ಯಂತ್ರದ ಮಗ್ಗುಲಲ್ಲಿ ಚಹಾ ಹೀರುತ್ತಿದ್ದ ದಢೂತಿ ಆಸಾಮಿ ಬಗ್ಗಿ ನೋಡಿದ. "ಮೊನ್ನೆ ಹೊಸ ವರ್ಷನ್ ಹಾಕಿದ್ರಲ್ಲ, ಅದರ ಕಿತಾಪತಿ. ಮೈಕೈ ದಪ್ಪ ಇರೋದನ್ನ ಮಾತ್ರ ಆ ಪರದೆಯಿಂದ ಈ ಪರದೆಗೆ ದಾಟಿಸ್ತದೆ. ಗೆರೆಗೆ ದಪ್ಪ ಎಲ್ಲಿ ಬರ್ಬೇಕು? ನಾನಾಗಿದ್ರೆ ಸಲೀಸಾಗಿ ದಾಟ್ತಿದ್ದೆ" ಎಂದು ಹೊಟ್ಟೆ ತಟ್ಟಿಕೊಂಡ.

ಅವಳು ನಗಲಿಲ್ಲ. ನಿನ್ನೆ ಕ್ಲಿನಿಕ್ಕಿಗೆ ಹೋದ ಗೈಡ್ ಮಾವನದು; ಇವತ್ತು ಬೆಳಿಗ್ಗೆಯೇ ಅವನಿಗೆ ಹಲ್ಲು ಕೂರಿಸುವುದಿತ್ತು.

ಮಾವ ಅಂದರೆ ಅಮ್ಮನ ತಮ್ಮ, ಅವಳನ್ನು ಸಾಕಿದವನು. ಊರೆಲ್ಲರ ದನಿ ಅವನ ಗಂಟಲಲ್ಲಿತ್ತು. ಮಿಮಿಕ್ರಿಗೆಂದು ವೇದಿಕೆ ಹತ್ತಿದರೆ ಮಂತ್ರಿಯೂ ಅವನೇ, ಮಿಕ್ಸರೂ ಅವನೇ, ಮುನಿದ ಬೆಕ್ಕೂ ಅವನೇ. ಅವನ ಸ್ವಂತ ದನಿ ಯಾವುದೆಂದು ಮನೆಯವರಿಗೂ ಗೊಂದಲ. ಎಲ್ಲವನ್ನೂ ಅಳೆದು ನೋಡುವ ಈ ಸೋದರಸೊಸೆಗೆ 'ಸ್ಕೇಲು' ಎಂದು ಹೆಸರಿಟ್ಟವನೂ ಅವನೇ. ದವಡೆಹಲ್ಲು ಕೀಳಿಸಿಕೊಂಡು ಬಂದ ದಿನ, "ಹಲ್ಲು ಹೋಯ್ತು, ಗುಲ್ಲಾದ್ರೂ ಉಳಿಸ್ಕೊಡಮ್ಮ ಸ್ಕೇಲು" ಎಂದಿದ್ದ.

ನಿನ್ನೆ ಮೇಡಂ ಫೋನಿನಲ್ಲಿ, "ತೂತು ಪಕ್ಕದ ಹಲ್ಲಿನ ಬೇರಿಗೆ ತೀರಾ ಹತ್ತಿರ ಆಯ್ತು, ಜಾಗ ಇದ್ರೆ ಸ್ವಲ್ಪ ಓರೆ ಮಾಡು" ಎಂದಿದ್ದರು. ಗೆರೆಯಿಲ್ಲದ ಪರದೆಯಲ್ಲಿ ಜಾಗ ಧಾರಾಳವಾಗಿ ಕಂಡಿತ್ತು. ಓರೆ ಮಾಡಿ ಬಲಪರದೆಯ ಚಿತ್ರ ಕಳಿಸಿದ್ದಳು. ಮೇಡಂ ಹೆಬ್ಬೆರಳೆತ್ತಿದ ಬೊಂಬೆ ಕಳಿಸಿದ್ದರು.

ಈಗ ಮಾವನ ದವಡೆ ತೆರೆದು, ಎಡಗಡೆಯ ಗೆರೆಯನ್ನು ನೋಡಿ ನೋಡಿ ಬಲಗಡೆ ಕೈಯಿಂದಲೇ ಎಳೆದಳು. ತೂತಿನ ನೇರಕ್ಕೆ ಕಡ್ಡಿಯೊಂದನ್ನು ಇಳಿಸಿದಳು. ಕಡ್ಡಿಯ ತುದಿ ಕೆಂಪನ್ನು ಹೊಕ್ಕಿತು. ಅವಳು ಫೋನಿಗೆ ಕೈಹಾಕಿದಳು.

ಕ್ಲಿನಿಕ್ಕಿನ ಫೋನ್ ಬಿಡುವಿಲ್ಲದೆ ಎಂಗೇಜ್. ಮಾವನಿಗೆ ಹಚ್ಚಿದಳು.

"ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ. ದಯವಿಟ್ಟು..."

ಕತ್ತರಿಸಿ ಮತ್ತೆ ಹಚ್ಚಿದಳು. ಅದೇ ಹೆಣ್ಣುದನಿ, ಅದೇ ನಯ. ಆದರೆ ಈ ಸಲ ದನಿಯ ಹಿಂದೆ ಏನೂ ಇರಲಿಲ್ಲ. ಮೊದಲ ಸಲ ಇತ್ತು: 'ದಯವಿಟ್ಟು'ವಿನ ಮುಂಚೆ ಒಂದು ಸಣ್ಣ ಉಸಿರು, ನಗು ತಡೆದುಕೊಂಡ ಉಸಿರು.

ಅವಳು ಕರೆ ಮಾಡಿದಾಗಲೆಲ್ಲ ಆ ಹೆಣ್ಣುದನಿ ತೆಗೆದು ಮಾವ ಆಡುವ ಆಟ ಅದು. "ಹಂಗಾದ್ರೆ ಆನ್ ಮಾಡಿ ಮೇಡಂ" ಎಂದು ಅವಳು ಹೇಳಬೇಕು, ಅವನು ಗೊಳ್ಳೆನ್ನಬೇಕು. ಇವತ್ತು ಅವಳು ಕತ್ತರಿಸಿಬಿಟ್ಟಿದ್ದಳು. ಈಗ ಅವನು ನಿಜಕ್ಕೂ ಆಫ್ ಮಾಡಿ ಡಾಕ್ಟರ ಕೋಣೆಯೊಳಗೆ ಹೋಗಿದ್ದ.

ಕ್ಲಿನಿಕ್ ಎರಡು ಬೀದಿಯಾಚೆ. ಓಡಿದಳು. ಎದುರಿಗೆ ಬಂದವರಿಗೆಲ್ಲ ದವಡೆಗಳಿದ್ದವು. ಮಾತಾಡುವ, ಅಗಿಯುವ, ಆಕಳಿಸುವ ದವಡೆಗಳು. ಪ್ರತಿಯೊಂದರೊಳಗೂ ಕೆಂಪು ಗೆರೆ ಕಾಣುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತ ಗಾಡಿಯೊಂದರ ಎಂಜಿನ್ ಕೊರೆಯುವಂಥ ಸದ್ದು ಮಾಡಿತು, ಕಿವಿ ಮುಚ್ಚಿಕೊಂಡು ರಸ್ತೆ ದಾಟಿದಳು.

"ಅಮ್ಮಾ, ಒಳಗೆ ಹೋಗಂಗಿಲ್ಲ!" ಎಂದು ಕ್ಲಿನಿಕ್ಕಿನ ಹೊರಮೇಜಿನ ಹುಡುಗಿ ಫೋನ್ ಹಿಡಿದೇ ಎದ್ದಳು. ಅಷ್ಟರಲ್ಲಿ ಬಾಗಿಲು ತಳ್ಳಿಯಾಗಿತ್ತು.

"ನಿಲ್ಸಿ ಮೇಡಂ! ಗೈಡ್ ತಪ್ಪಾಗಿದೆ!"

ಡ್ರಿಲ್ಲಿನ ಸದ್ದು ನಿಂತಿತು. ಅಂದರೆ ಅದುವರೆಗೆ ಅದು ತಿರುಗುತ್ತಿತ್ತು.

ಹಸಿರು ಬಟ್ಟೆಯ ಕಿಂಡಿಯಲ್ಲಿ ಮಾವನ ತೆರೆದ ಬಾಯಿ. ಎರಡು ಕಣ್ಣು ಅವಳತ್ತ ಹೊರಳಿದವು. ಮೇಡಂ ಗೈಡನ್ನು ಮೆಲ್ಲಗೆ ಬಿಡಿಸಿ ತೆಗೆದರು. "ತೆಳು ಡ್ರಿಲ್ ಒಂದು ಇಳಿದಿದೆ. ಏನಾಯ್ತು ಹೇಳು."

ಹೇಳಿದಳು. ಮೇಡಂ ಅವರ ಮುಖಗವಸಿನ ಮೇಲಿನ ಕಣ್ಣುಗಳಲ್ಲಿ ಬೈಗುಳವೂ ಇರಲಿಲ್ಲ. ಅದೇ ಹೆಚ್ಚು ಹೆದರಿಸಿತು. ಎಕ್ಸ್‌ರೇ ತೆಗೆದರು. ತೂತಿನ ಕಪ್ಪು ತುದಿ, ನರದ ಮಸುಕು ದಾರಿ. ಮುಟ್ಟಿದೆಯೋ, ಮುಟ್ಟುವಷ್ಟರಲ್ಲಿ ನಿಂತಿದೆಯೋ? ಚಿತ್ರ ಬಾಯಿಬಿಡಲಿಲ್ಲ.

"ನೀನು ಕೊಟ್ಟ ಚಿತ್ರದಲ್ಲಿ ಗೆರೆ ಇಲ್ಲ ಅಂತ ನಾನೂ ನೋಡ್ಬೇಕಿತ್ತು" ಎಂದರು ಮೇಡಂ. "ಇಂಜೆಕ್ಷನ್ನಿನ ಜೋಮು ಇಳೀಲಿ. ಆಮೇಲೂ ತುಟಿ ಮರಗಟ್ಟೇ ಇದ್ರೆ ನರಕ್ಕೆ ಏಟು ಬಿದ್ದಿದೆ ಅಂತ. ಅಲ್ಲೀತನಕ ನಾನೇನೂ ಹೇಳಕ್ಕಾಗಲ್ಲ."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಮಾವನ ಬಾಯಿಯ ಒಂದು ಮೂಲೆ ಜೋತುಬಿದ್ದಿತ್ತು. ಅಲ್ಲಿಂದ ಇಳಿದ ಜೊಲ್ಲು ಅವನಿಗೆ ಗೊತ್ತಾಗಲಿಲ್ಲ. ಅವಳು ಒರೆಸಿದಳು.

"ಫೋನಲ್ಲಿ ನೀನೇ ತಾನೆ ಮಾವ, ಮೊದಲ್ನೇ ಸಲ?"

ಅವನು ತಲೆಯಾಡಿಸಿದ. "ಛೆನ್ನಾಗಿತ್ತಾ?" ಎಂದ ತೊದಲುತ್ತ.

"ತುಂಬಾ ಚೆನ್ನಾಗಿತ್ತು" ಎಂದು ಅವಳು ಮತ್ತೆ ಅವನ ಗಲ್ಲ ಒರೆಸಿದಳು.

ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಎಚ್ಚರವಾಯಿತು. ತೊದಲು ಹೋಯಿತು. ಖುಷಿಯಾದ ಮಾವ ನಾಲಿಗೆಯನ್ನು ಕೆನ್ನೆಯೊಳಗೆಲ್ಲ ಓಡಾಡಿಸಿ, ಸಣ್ಣಗೆ ಡ್ರಿಲ್ಲಿನ ಸದ್ದು ಮಾಡಿ ತೋರಿಸಿದ. ಕಾಯುತ್ತಿದ್ದ ರೋಗಿಯೊಬ್ಬ ಬೆಚ್ಚಿ ಕಾಲು ಮಡಚಿಕೊಂಡ.

ಮೇಡಂ ಹತ್ತಿಯ ಎಳೆಯೊಂದನ್ನು ಹೊಸೆದು ಅವಳ ಕೈಗೆ ಕೊಟ್ಟರು. "ಕಣ್ಣು ಮುಚ್ಚಿಸಿ ಕೆಳತುಟಿ ಮುಟ್ಟು. ಗೊತ್ತಾದಾಗ ಹೇಳ್ಲಿ."

ಮಾವ ಶಿಸ್ತಾಗಿ ಕಣ್ಣು ಮುಚ್ಚಿದ. ಅವಳು ಒಳ್ಳೆಯ ಬದಿಗೆ ಹತ್ತಿ ತಾಗಿಸಿದಳು.

"ಹಾಂ, ಕಚಗುಳಿ."

ಹತ್ತಿಯನ್ನು ಇನ್ನೊಂದು ಬದಿಗೆ ಒಯ್ದು ಇಟ್ಟಳು.

ಮಾವನ ಮುಖ ಗಂಭೀರವಾಯಿತು. "ನೀವು ಕರೆ ಮಾಡಿರುವ ತುಟಿ," ಎಂದಿತು ಆ ನಯವಾದ ಹೆಣ್ಣುದನಿ, "ಸದ್ಯಕ್ಕೆ ಸ್ವಿಚ್ ಆಫ್ ಆಗಿದೆ."

ಹೊರಮೇಜಿನ ಹುಡುಗಿ ಕಿಸಕ್ಕೆಂದಳು. ಮೇಡಂ ಕೂಡ ನಿರಾಳವಾಗಿ ಉಸಿರುಬಿಟ್ಟರು.

"ತಮಾಷೆ ಬೇಡ ಮಾವ. ಗೊತ್ತಾಗ್ತಿದೆ ತಾನೆ?"

"ಹೂಂ, ಆಯ್ತಮ್ಮ, ತಮಾಷೆ ಮಾಡಲ್ಲ." ಕಣ್ಣು ಮುಚ್ಚಿಕೊಂಡೇ ನೆಟ್ಟಗೆ ಕೂತ. ಬಾಯಿಂದ ಬಂದದ್ದು ಯಾರದೂ ಅಲ್ಲದ ದನಿ, ಅವಳು ಅಪರೂಪಕ್ಕೆ ಕೇಳಿದ್ದ ಸಣ್ಣ ದನಿ.

"ಎಲ್ಲಿ, ಈಗ ಮುಟ್ಟು ಸ್ಕೇಲು."

ಹತ್ತಿ ಅವನ ತುಟಿಯ ಮೇಲೇ ಇತ್ತು.