ಚೀಲದ ತೂಕ

ಶುಕ್ರವಾರ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಚಿಕ್ಕೋಡಿಯ ಆ ಖಾಸಗಿ ಆಸ್ಪತ್ರೆಯ ಕಂಪ್ಯೂಟರುಗಳು ಒಂದರ ಹಿಂದೆ ಒಂದು ನೀಲಿಯಾದವು. ನೀಲಿಯ ಮೇಲೆ ಬಾಯಿ ಸೊಟ್ಟಗೆ ಮಾಡಿಕೊಂಡ ಮುಖದ ಗುರುತು. ಆರಿಸಿ ಹಚ್ಚಿದರೆ ಮತ್ತೆ ಅದೇ ನೀಲಿ, ಅದೇ ಬಾಯಿ.

ಡಯಾಲಿಸಿಸ್ ಕೋಣೆಯ ಟೆಕ್ನಿಶಿಯನ್ ಕಾಂಚನ ಮೂರು ಸಲ ಆರಿಸಿ ಹಚ್ಚಿ ನೋಡಿದಳು. ಆಮೇಲೆ ಬಾಗಿಲಿಗೆ ಬಂದು ನಿಂತ ಮಲ್ಲೇಶನ ಕಡೆ ತಿರುಗಿದಳು. ಆಸ್ಪತ್ರೆಯ ಕಂಪ್ಯೂಟರುಗಳ ಉಸ್ತುವಾರಿ ಅವನದು.

"ವೈರಸ್ಸೇನು?"

"ವೈರಸ್ ಅಲ್ಲ. ವೈರಸ್ ತಡಿಯೂ ಸಾಫ್ಟ್‌ವೇರಿಗೆ ಮುಂಜಾನಿ ಅಪ್‌ಡೇಟ್ ಬಂತು, ಅದ ಕೆಟ್ಟದ್ದಿತ್ತು. ವಾಚ್‌ಮನ್ ಒಳಗಿಂದ ಕೀಲಿ ಹಾಕ್ಕೊಂಡ ಮೂರ್ಛೆ ಹೋದಂಗ ಆಗೇತಿ. ಒಂದೊಂದ ಮಶಿನ್ ಕೈಲೆ ರಿಪೇರಿ ಮಾಡಬೇಕು. ಅದಕ್ಕ ಪುಣೆ ಆಫೀಸ್‌ದಿಂದ ಪಾಸ್‌ವರ್ಡ್ ಬರಬೇಕು, ಅಲ್ಲಿ ಫೋನ್ ಎತ್ತವಲ್ರು. ದುನಿಯಾದಾಗ ವಿಮಾನನ ನಿಂತಾವಂತ."

"ವಿಮಾನ ನಿಂತ್ರ ಮಂದಿ ಬಸ್ ಹತ್ತತಾರ," ಎಂದಳು ಬೆಂಚಿನ ಮೇಲಿದ್ದ ಸುಂದ್ರವ್ವ. "ನಮ್ಮ ಮನಿಯವರು ಏನ ಹತ್ತಬೇಕೋ ತಮ್ಮಾ?"

ಅವಳ ಗಂಡ ಭರಮು ಹೆಂಡತಿಯ ಭುಜಕ್ಕೆ ಒರಗಿದ್ದ. ಕಾಲು ಊದಿ ಚಪ್ಪಲಿ ಹಿಡಿಸದೆ, ಅವನ್ನು ಕೈಯಲ್ಲಿ ಹಿಡಿದಿದ್ದ. ಎರಡು ವರ್ಷದ ಹಿಂದೆ ಅವನ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ನಿಪ್ಪಾಣಿ ಹತ್ತಿರದ ಹಳ್ಳಿಯಿಂದ ಬಸ್ಸಿಗೆ ಬಂದು ರಕ್ತ ತೊಳೆಸಿಕೊಂಡು ಹೋಗುತ್ತಿದ್ದ. ಈ ಮಂಗಳವಾರ ಸೇತುವೆ ನೀರಿನಡಿ ಇತ್ತು. ಹೀಗಾಗಿ ಒಂದು ವಾರದ ನೀರು ಮೈಯೊಳಗೇ ನಿಂತಿತ್ತು. ಎರಡು ಮಾತಿಗೊಮ್ಮೆ ಅವನು ಉಸಿರಿಗಾಗಿ ತಡೆಯುತ್ತಿದ್ದ. ಬೆಳಗಿನ ಪಾಳಿಯ ಉಳಿದಿಬ್ಬರಿಗೆ ನಾಳೆಯವರೆಗೆ ಕಾಯುವ ತ್ರಾಣವಿತ್ತು. ಇವನಿಗೆ ಇರಲಿಲ್ಲ.

ಡಯಾಲಿಸಿಸ್ ಯಂತ್ರ ಚೆನ್ನಾಗಿಯೇ ಇತ್ತು. ಅದಕ್ಕೆ ಬೇಕಾದದ್ದು ನೀರು, ಕರೆಂಟು ಮತ್ತು ಒಂದು ಅಂಕಿ: ಕಳೆದ ಸಲ ರಕ್ತ ತೊಳೆದು ಮುಗಿದಾಗ ರೋಗಿಯ ತೂಕ ಎಷ್ಟಿತ್ತು? ಇವತ್ತಿನ ತೂಕದಲ್ಲಿ ಅದನ್ನು ಕಳೆದರೆ ಮೈಯಿಂದ ಎಷ್ಟು ನೀರು ತೆಗೆಯಬೇಕೆಂದು ಗೊತ್ತಾಗುತ್ತದೆ. ಆ ಅಂಕಿ ನೀಲಿಯ ಹಿಂದಿತ್ತು. ಕಾಗದದ ಫೈಲುಗಳನ್ನು ಸಂಕ್ರಾಂತಿಯ ಹೊತ್ತಿಗೇ ರದ್ದಿಗೆ ಹಾಕಿದ್ದರು. ಹನ್ನೊಂದು ರೋಗಿಗಳ ತೂಕ ಕಾಂಚನಳ ತಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಭರಮುನದು ಐವತ್ತೊಂದೋ, ಐವತ್ಮೂರೋ? ಜ್ವರ ಬಂದು ಹೋದ ಮೇಲೆ ಅದು ಎರಡು ಸಲ ಬದಲಾಗಿತ್ತು.

ಬೆಳಗಾವಿಯಲ್ಲಿದ್ದ ಡಾಕ್ಟರ್ ಸೀಮಾ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಅಂದಾಜಿನ ಮ್ಯಾಲ ನಡಸಬ್ಯಾಡ. ಹೆಚ್ಚ ತಗದಿ ಅಂದ್ರ ಬಿ.ಪಿ. ಬೀಳತೈತಿ, ಅವನ ಹಾರ್ಟ್ ತಡಿಯೂದಿಲ್ಲ. ಕಡಿಮಿ ತಗದಿ ಅಂದ್ರ ಎದ್ಯಾಗ ನೀರ ತುಂಬತೈತಿ. ಇಲ್ಲಿಗೆ ಕಳಸಿದ್ರೂ ಉಪಯೋಗಿಲ್ಲ, ಇಲ್ಲಿನೂ ಎಲ್ಲಾ ನೀಲಿ. ನೀ ಗ್ಯಾರಂಟಿ ಕೊಡೂವಂಥಾ ಒಂದ ಅಂಕಿ ಹುಡುಕು. ಸಿಕ್ಕ ಕೂಡಲೇ ಹೇಳು."

ಕಾಂಚನ ಫೋನ್ ಇಟ್ಟು ಭರಮುನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು. ಐವತ್ತಾರು.

"ಐವತ್ತಾರ ಹೆಂಗ ಬಂತು?" ಎಂದು ಸುಂದ್ರವ್ವ ಎದ್ದು ನಿಂತಳು. "ಮುಂಜಾನಿ ಐವತ್ತನಾಕ ಇತ್ತಲ್ಲ."

"ಎಲ್ಲಿ ತೂಗಿದ್ರಿ?"

"ಬಾಜೂಮನಿ ಉತ್ತಮನ ಕಾಟಾದ ಮ್ಯಾಲ. ಅವ ತಂಬಾಕ ತೂಗೂದು. ಇಲ್ಲಿಂದ ಹೋದ ದಿನಾನೂ ತೂಗಸತೀನಿ, ಬರೂ ದಿನಾನೂ ತೂಗಸತೀನಿ. ಅವ ಕೂಗತಾನ, ನಾ ಬಾಗಲ ಹಿಂದ ಖಡೂಲೆ ಬರೀತೀನಿ. ನಿಮ್ಮ ಮ್ಯಾಲ ಸಂಶೇ ಅಂತಲ್ಲ ಯವ್ವಾ, ನಮ್ಮದೂ ಒಂದ ಇರಲಿ ಅಂತ."

ಕಾಂಚನ ಅವಳ ಕೈ ಹಿಡಿದುಕೊಂಡಳು. "ಬಾಗಲಾ ಯಾರರ ಓದತಾರೇನ್ರಿ?"

ಸುಂದ್ರವ್ವ ನೆರೆಮನೆಯ ತಾರಾಬಾಯಿಗೆ ಫೋನ್ ಹಚ್ಚಿದಳು; ಮನೆಯ ಕೀಲಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಮರಾಠಿಯಲ್ಲೇ ಓದಿ ಹೇಳಿದಳು. ಕಾಂಚನ ಅಂಗೈ ಮೇಲೆ ಬರೆದುಕೊಂಡಳು. ಹೋದ ಶುಕ್ರವಾರ ಡಯಾಲಿಸಿಸ್ ಆದ ಮೇಲೆ 50½. ಇವತ್ತು ಬೆಳಿಗ್ಗೆ 54.

ಐವತ್ತಾರರಲ್ಲಿ ಐವತ್ತೂವರೆ ಕಳೆದರೆ ಐದೂವರೆ ಲೀಟರು. ಐವತ್ನಾಲ್ಕರಲ್ಲಿ ಕಳೆದರೆ ಮೂರೂವರೆ. ಎರಡು ಲೀಟರಿನ ಆ ಸಂದಿಯಲ್ಲಿ ಒಬ್ಬ ಮನುಷ್ಯ ಸಾಯಬಹುದಿತ್ತು.

"ನಿಮ್ಮ ಕಾಟಾನ ಕೆಟ್ಟೈತಿ," ಎಂದಳು ಸುಂದ್ರವ್ವ. "ಕಂಪ್ಯೂಟರ್ ಕೆಟ್ಟಾವು, ಅದರ ಗಾಳಿ ಇದಕೂ ಬಡದೈತಿ."

ಕಾಂಚನ ನಗಲಿಲ್ಲ. ಅವಳ ಅಪ್ಪ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಹಮಾಲನಾಗಿದ್ದ. ಚಿಕ್ಕಂದಿನಲ್ಲಿ ಬುತ್ತಿ ಒಯ್ದಾಗಲೆಲ್ಲ ಅಲ್ಲಿ ತೂಕ ಕೂಗುವುದನ್ನು ಕೇಳಿದ್ದಳು. ಮುಳ್ಳು ಒಂದು ಹೇಳುತ್ತಿತ್ತು, ಕೂಗುವವನ ಬಾಯಿ ಇನ್ನೊಂದು.

"ಸುಂದ್ರವ್ವಾ, ಅಂವಾ ಗೋಣಿಚೀಲದ ತೂಕ ಕಳದ ಕೂಗತಾನೇನು?"

"ತಂಬಾಕಕ್ಕ ಎಲ್ಲಾರೂ ಕಳೀತಾರ. ನಮ್ಮ ಮನಿಯವರೇನ ಗೋಣ್ಯಾಗ ಕುಂತಿದ್ರೇನ ಬೇ?"

ಭರಮು ಕಣ್ಣು ತೆರೆದ. "ತೂಗೂವಾಗ ನನಗ... ಚೀಲಾ ಅಂದಾನ್ರಿ ಒಮ್ಮೆ... ಮಶ್ಕಿರಿ ಮಾಡ್ಯಾನಂತ... ಸುಮ್ಮಿದ್ದೆ."

ತಾರಾಬಾಯಿ ಫೋನನ್ನು ಉತ್ತಮನ ಪಡಸಾಲೆಗೆ ಒಯ್ದಳು. ಉತ್ತಮನಿಗೆ ಸಿಟ್ಟು ಬಂತು.

"ನಮ್ಮ ಕಾಟಾಕ್ಕ ಸರ್ಕಾರಿ ಸಿಕ್ಕಾ ಐತ್ರಿ ಬಾಯಿ. ಗುಂಜಿ ಹೆಚ್ಚಿಲ್ಲ, ಕಡಿಮಿಲ್ಲ."

"ಕಾಟಾದ್ದ ಅಲ್ರಿ, ನಿಮ್ಮ ಬಾಯಿದ್ದ ನೋಡೂದೈತಿ," ಎಂದಳು ಕಾಂಚನ. "ನೀವ ಹತ್ತಿ ನಿಂದರ್ರಿ. ದಿನಾ ಕೂಗಿದಂಗ ಕೂಗರಿ. ತಾರಾಬಾಯಿ, ಮುಳ್ಳ ನೀವ ಓದರಿ."

ಹಲಗೆ ಕಿರುಗುಟ್ಟಿದ್ದು ಚಿಕ್ಕೋಡಿಯವರೆಗೂ ಕೇಳಿಸಿತು.

"ಎಪ್ಪತ್ತ!" ಎಂದು ಉತ್ತಮ ಕೂಗಿದ.

"ಎಪ್ಪತ್ತೆರಡ ಐತೋ ಮಾರಾಯಾ," ಎಂದಳು ತಾರಾಬಾಯಿ.

ಉತ್ತಮನ ದನಿ ಸಣ್ಣಗಾಯಿತು. "ಚೀಲಕ್ಕ ಎರಡ ಕಿಲೊ... ಇಪ್ಪತ್ತ ವರ್ಷ ಆತ್ರಿ. ಕಣ್ಣ ನೋಡತೈತಿ, ಬಾಯಿ ತಾನ ಕಳೀತೈತಿ."

"ಪ್ರತಿ ಸಲ ಎರಡನ? ಸಣ್ಣ ಚೀಲಕ್ಕೂ?"

"ಸಣ್ಣದಿರಲಿ, ದೊಡ್ಡದಿರಲಿ, ಎರಡನ. ನಮ್ಮ ಅಪ್ಪಂದೂ ಹಂಗ ಇತ್ರಿ."

ಕಾಂಚನ ಅಂಗೈಯ ಅಂಕಿಗೆ ಎರಡು ಕೂಡಿಸಿದಳು. 52½. ಆಸ್ಪತ್ರೆಯ ಐವತ್ತಾರರಲ್ಲಿ ಕಳೆದಳು. ಮೂರೂವರೆ. ಎರಡು ತಕ್ಕಡಿಗಳೂ ಒಂದೇ ಮಾತು ಹೇಳಿದವು. ಎಲ್ಲವನ್ನೂ ಡಾಕ್ಟರ್ ಸೀಮಾಗೆ ಬಿಡಿಸಿ ಹೇಳಿದಳು. ಅವರು ಎರಡು ಸಲ ಲೆಕ್ಕ ಮಾಡಿಸಿ, "ಶುರು ಮಾಡು. ಕಾಲುತಾಸಿಗೊಮ್ಮೆ ಬಿ.ಪಿ. ನೋಡು," ಎಂದರು.

ಸೂಜಿ ಚುಚ್ಚಿದಳು. ರಕ್ತ ನಳಿಗೆಯಲ್ಲಿ ಹರಿದು ಯಂತ್ರ ಸೇರಿತು. ನಾಲ್ಕು ತಾಸು ಕಾಂಚನ ಕುಳಿತುಕೊಳ್ಳಲಿಲ್ಲ. ಸಲೈನಿನ ಖಾಲಿ ರಟ್ಟಿನ ಡಬ್ಬಿಯನ್ನು ಹರಿದು, ಅದರ ಮೇಲೆ ಹದಿನಾರು ಸಲ ಬಿ.ಪಿ. ಬರೆದಳು. ಮೂರನೆಯ ತಾಸಿನಲ್ಲಿ ಅದು ಇಳಿಯತೊಡಗಿತು. ಅವನ ಕಾಲುಗಳನ್ನು ಎತ್ತಿ ದಿಂಬಿನ ಮೇಲಿಟ್ಟಳು. ಮುಂದಿನ ಕಾಲುತಾಸಿಗೆ ನಿಂತಿತು. ಅದರ ಮುಂದಿನದಕ್ಕೆ ಏರಿತು. ಸುಂದ್ರವ್ವ ರಟ್ಟಿನ ಕಡೆ ನೋಡುತ್ತಲೇ ಇದ್ದಳು, ನೀಲಿ ಪರದೆಯ ಕಡೆ ಒಮ್ಮೆಯೂ ನೋಡಲಿಲ್ಲ.

ಮುಗಿದಾಗ ಭರಮು ತಕ್ಕಡಿ ಹತ್ತಿದ. ಐವತ್ತೆರಡೂವರೆ. ಇಳಿದು, ಬೆಂಚಿನಡಿಯ ಚಪ್ಪಲಿಯನ್ನು ಕಾಲಿನಿಂದಲೇ ಎಳೆದುಕೊಂಡು ಮೆಟ್ಟಿದ. ಬೆರಳು ಒಳಗೆ ಹೋದವು.

ಮೇಲಿನ ಮಹಡಿಯಲ್ಲಿ ಮಲ್ಲೇಶ ಇನ್ನೂ ಪುಣೆಗೆ ಫೋನ್ ಹಚ್ಚುತ್ತಿದ್ದ. ಕಾಂಚನ ಮತ್ತೊಂದು ರಟ್ಟಿನ ತುಂಡಿಗೆ ದಿನಾಂಕ, ಹೆಸರು, 52½ ಬರೆದು ಸುಂದ್ರವ್ವನ ಕೈಗಿಟ್ಟಳು. "ಇದ ನಿಮ್ಮ ಹತ್ರ ಇರಲಿ. ಪ್ರತಿ ಸಲ ಬರದ ಕೊಡತೀನಿ."

ಸುಂದ್ರವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಫೋನ್ ತೆಗೆದಳು.

"ಉತ್ತಮಾ, ಸಂಜಿಗೆ ಬರತೀವಿ, ಕಾಟಾ ತಗದ ಇಡು. ಇವತ್ತಿಂದ ನೀ ಬಾಯಿ ಮುಚ್ಚಕೊಂಡ ನಿಂದರಬೇಕ ನೋಡು. ಮುಳ್ಳ ನಾನ ಓದತೀನಿ."